ಹಿಡಿಯ ಅಳತೆ

ಕುಡುಗೋಲಿನ ಮರದ ತುದಿಗೆ ಕನ್ನಡದಲ್ಲಿ ಹಿಡಿ ಎನ್ನುತ್ತೇವೆ. ಅದನ್ನು ಸುತ್ತುವರಿಯುವ ಮುಷ್ಟಿಗೂ ಹಿಡಿ ಎಂದೇ ಹೆಸರು. ಆ ಮುಷ್ಟಿಯಲ್ಲಿ ತುಂಬುವ ಅಕ್ಕಿಯ ಪ್ರಮಾಣವೂ ಒಂದು ಹಿಡಿ. ಉಪಕರಣವನ್ನೂ ಅಂಗವನ್ನೂ ಅಳತೆಯನ್ನೂ ಒಂದೇ ಪದದಲ್ಲಿ ಇಟ್ಟ ನುಡಿಯವರಾದ ನಮಗೆ, ಹಿಡಿಯ ಅಳತೆ ಕೈಯಿಂದಲೇ ಹುಟ್ಟಬೇಕು ಎಂಬ ಮಾತು ಬೇರೆ ಯಾರೂ ಕಲಿಸಬೇಕಾದುದಲ್ಲ. ಆದರೂ ಅದನ್ನು ನಾವು ಕಲಿತದ್ದು ತೀರ ಅನಿರೀಕ್ಷಿತವಾದ ಒಂದು ವಸ್ತುವಿನಿಂದ: ಹಳೆಯ ಗಾಲ್ಫ್ ಕೋಲಿನಿಂದ.

ದೆಹಲಿಯ ನಮ್ಮ ಭಾನುವಾರದ ಓದುಕೂಟದ ಹಿರಿಯ ಸದಸ್ಯರೊಬ್ಬರು ನಿವೃತ್ತಿಯ ಅನಂತರವೂ ಹಲವು ವರ್ಷ ಇಲ್ಲಿಯೇ ಇದ್ದು, ಕಳೆದ ಚಳಿಗಾಲದಲ್ಲಿ ಮೈಸೂರಿನ ಮಗಳ ಮನೆಗೆ ಹೊರಟರು. ಪುಸ್ತಕಗಳನ್ನು ಕೂಟಕ್ಕೆ ಬಿಟ್ಟರು. ಗಾಲ್ಫ್ ಚೀಲವನ್ನು, ಆಟದ ಹೊಸ ವಿದ್ಯಾರ್ಥಿಗಳಾದ ನಮಗೆ ಕೊಟ್ಟರು. ಕೋಲುಗಳ ಲೋಹದ ತಲೆಗಳು ಇನ್ನೂ ಚೆನ್ನಾಗಿದ್ದವು. ರಬ್ಬರಿನ ಹಿಡಿಗಳು ಮಾತ್ರ ದೆಹಲಿಯ ಬಿಸಿಲಿಗೆ ಗಟ್ಟಿಯಾಗಿ, ಬೆವರಿನ ಜಿಡ್ಡು ಕುಡಿದು, ಕನ್ನಡಿಯಂತೆ ನುಣುಪಾಗಿದ್ದವು. ನುಣುಪಾದ ಹಿಡಿ ಜಾರುತ್ತದೆಂಬ ಭಯಕ್ಕೆ ಕೈ ಬಿಗಿಯಾಗುತ್ತದೆ. ಕೈ ಬಿಗಿದರೆ ಮೊಣಕೈ, ಮೊಣಕೈ ಬಿಗಿದರೆ ಹೆಗಲು. ಬೀಸಿನ ಲಯವೇ ಕೆಡುತ್ತದೆ. ಆದ್ದರಿಂದ ಸರ್ಕಾರಿ ವಸತಿಗೃಹದ ಬಾಲ್ಕನಿಯಲ್ಲಿ ಕುಳಿತು ಹಳೆಯ ಹಿಡಿಗಳನ್ನು ನಾವೇ ಕತ್ತರಿಸಿ ತೆಗೆಯಲು ತೊಡಗಿದೆವು.

ಮೊದಲ ಕೋಲಿನ ರಬ್ಬರು ಸೀಳಿದಾಗ ಕೆಳಗೆ ಕಾಗದದ ಟೇಪು ಕಂಡಿತು. ಅದನ್ನು ಸುಲಿದಾಗ ಇನ್ನೊಂದು ಪದರ, ಅದರಡಿ ಮತ್ತೊಂದು. ಎಲ್ಲ ಕೋಲುಗಳಲ್ಲಿಯೂ ನಾಲ್ಕು ಸುತ್ತು. ಸಾಮಾನ್ಯವಾಗಿ ಹಿಡಿಯನ್ನು ಅಂಟಿಸಲು ಒಂದೇ ಪದರ ಸಾಕು. ಮಿಕ್ಕವು ದಪ್ಪ ಹೆಚ್ಚಿಸಲೆಂದೇ ಹಾಕಿದವು. ಒಂದು ಸುತ್ತಿಗೆ ವ್ಯಾಸದಲ್ಲಿ ಸುಮಾರು ಇಂಚಿನ 1/64 ಭಾಗ, ಎಂದರೆ 0.4 ಮಿಲಿಮೀಟರು ಹೆಚ್ಚುತ್ತದೆ. ಹಿರಿಯರದು ದೊಡ್ಡ ಕೈಯೆಂದು ನಮಗೆ ಎಂದೂ ಅನಿಸಿರಲಿಲ್ಲ. ಸಣ್ಣ ಮೈಕಟ್ಟು, ಸಣ್ಣ ಅಂಗೈ. ಅಂಥವರಿಗೆ ಇಷ್ಟು ದಪ್ಪದ ಹಿಡಿ ಏಕೆ ಬೇಕಾಯಿತು? ಈ ಪ್ರಶ್ನೆಯ ಬೆನ್ನು ಹತ್ತಿದಾಗ ಹಿಡಿಗೂ ಒಂದು ದೀರ್ಘ ಚರಿತ್ರೆಯಿದೆಯೆಂಬುದು ತಿಳಿಯಿತು.

ಸ್ಕಾಟ್ಲೆಂಡಿನ ಸಂಸತ್ತು 1457ರಲ್ಲಿ ಗಾಲ್ಫ್ ಮತ್ತು ಫುಟ್‌ಬಾಲುಗಳನ್ನು ನಿಷೇಧಿಸಿತು. ಪ್ರಜೆಗಳು ಬಿಲ್ಲುವಿದ್ಯೆಯನ್ನು ಅಭ್ಯಾಸ ಮಾಡಲೆಂಬುದು ಅದರ ಆಶಯ. ವಿಚಿತ್ರವೆಂದರೆ, ಅರ್ಧ ಶತಮಾನ ಕಳೆಯುವುದರೊಳಗೆ, 1502ರಲ್ಲಿ, ದೊರೆ ನಾಲ್ಕನೆಯ ಜೇಮ್ಸನೇ ಪರ್ತ್ ಪಟ್ಟಣದ ಬಿಲ್ಲುಗಾರನೊಬ್ಬನಿಂದ ಗಾಲ್ಫ್ ಕೋಲುಗಳನ್ನು ಕೊಂಡದ್ದು ಅರಮನೆಯ ಲೆಕ್ಕಪತ್ರದಲ್ಲಿ ದಾಖಲಾಗಿದೆ. 1603ರಲ್ಲಿ ಆರನೆಯ ಜೇಮ್ಸನು ರಾಜಮನೆತನದ ಕೋಲು ತಯಾರಕನನ್ನಾಗಿ ನೇಮಿಸಿದ ವಿಲಿಯಂ ಮೇನ್ ಕೂಡ ಬಿಲ್ಲು ಮಾಡುವವನೇ. ಮರದ ಬಳುಕು ಮತ್ತು ಕೈಯ ಹದ ಎರಡನ್ನೂ ಬಲ್ಲ ಕುಶಲಕರ್ಮಿಗಳ ಕೈಯಲ್ಲಿ ಈ ಉಪಕರಣ ರೂಪುಗೊಂಡಿತು.

ಆ ಕಾಲದ ಹಿಡಿಗೆ ಎರಡು ಅಂಗಗಳಿದ್ದವು. ಮೊದಲು ಮರದ ಕೋಲಿನ ಮೇಲೆ ಉಣ್ಣೆಬಟ್ಟೆಯ ಅಂಚುಪಟ್ಟಿಯನ್ನು ಸುತ್ತುತ್ತಿದ್ದರು. ಅದರ ಮೇಲೆ ಕುರಿಯ ಅಥವಾ ಕರುವಿನ ಚರ್ಮದ ಪಟ್ಟಿಯನ್ನು ಓರೆಯಾಗಿ ಸುತ್ತಿ, ತುದಿಗಳನ್ನು ಸಣ್ಣ ಮೊಳೆಯಿಂದಲೂ ಮೇಣ ಹಚ್ಚಿದ ದಾರದಿಂದಲೂ ಭದ್ರಪಡಿಸುತ್ತಿದ್ದರು. ಬಟ್ಟೆಯ ಸುತ್ತು ಒಂದು ಹೆಚ್ಚಾದರೆ ಹಿಡಿ ದಪ್ಪ, ಒಂದು ಕಡಿಮೆಯಾದರೆ ತೆಳು. ಅಂದಿನವರು ಕೋಲನ್ನು ಅಂಗೈಯಲ್ಲಿ ಅದುಮಿ ಹಿಡಿದು ಬೀಸುತ್ತಿದ್ದರಾದ್ದರಿಂದ ದಪ್ಪನೆಯ ಮೆತ್ತನೆಯ ಹಿಡಿಯೇ ರೂಢಿಯಾಗಿತ್ತು.

ಅಂಗೈಯಿಂದ ಬೆರಳುಗಳಿಗೆ ಹಿಡಿತ ಇಳಿದುಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳ ಮೇಲೆ ಒರಗಿಸುವ ಕ್ರಮವನ್ನು ಸ್ಕಾಟಿಷ್ ಹವ್ಯಾಸಿ ಆಟಗಾರ ಜಾನ್ ಲೇಡ್ಲೆ ಮೊದಲೇ ಬಳಸಿದ್ದನು; ಲೋಕಪ್ರಿಯಗೊಳಿಸಿದವನು ಹ್ಯಾರಿ ವಾರ್ಡನ್. ಬ್ರಿಟಿಷ್ ಓಪನ್ ಪಂದ್ಯವನ್ನು 1896ರಿಂದ 1914ರ ನಡುವೆ ಆರು ಬಾರಿ ಗೆದ್ದ ವಾರ್ಡನ್ನನ ಹೆಸರೇ ಇಂದಿಗೂ ಆ ಹಿಡಿತಕ್ಕೆ ಉಳಿದಿದೆ. ಬೆರಳುಗಳು ಕೆಲಸ ಮಾಡತೊಡಗಿದಂತೆ ಹಿಡಿಯ ಮೆತ್ತೆ ಕರಗಿತು, ಕೋಲಿನ ತುದಿ ತೆಳುವಾಯಿತು. 1903ರಲ್ಲಿ ಕ್ಷಯದಿಂದ ಬಳಲುತ್ತಲೇ ನಾಲ್ಕನೆಯ ಬಾರಿ ಗೆದ್ದ ವಾರ್ಡನ್ ಅನಂತರ ಆರೋಗ್ಯಧಾಮ ಸೇರಬೇಕಾಯಿತು. ಮರಳಿ ಬಂದಾಗ ಬಲಗೈಗೆ ಒಂದು ಅದಿರು ಅಂಟಿಕೊಂಡಿತ್ತು. ಅಡಿಯಷ್ಟೇ ದೂರದ ಚೆಂಡನ್ನು ಕುಳಿಗೆ ತಳ್ಳುವಾಗಲೂ ಕೈ ಬೆಚ್ಚುತ್ತಿತ್ತು. ಜಗತ್ತಿಗೆ ಹಿಡಿತ ಕಲಿಸಿದವನಿಗೂ ಕೈ ಎಂದೆಂದಿಗೂ ಒಂದೇ ರೀತಿ ಇರಲಿಲ್ಲ. ಅಂಥ ಕೈಯಿಂದಲೇ ಅವನು ಮತ್ತೆರಡು ಬಾರಿ, 1911 ಮತ್ತು 1914ರಲ್ಲಿ, ಗೆದ್ದನು.

ಮುಂದೆ ಉಕ್ಕು ಬಂದಿತು. ಅಮೆರಿಕದ ಆಡಳಿತ ಮಂಡಳಿ 1924ರಲ್ಲಿ, ಸೇಂಟ್ ಆಂಡ್ರೂಸಿನ ರಾಯಲ್ ಅಂಡ್ ಏನ್ಷಿಯಂಟ್ 1929ರಲ್ಲಿ ಉಕ್ಕಿನ ಕೊಳವೆಗೆ ಒಪ್ಪಿಗೆ ನೀಡಿದವು. ಹಿಕರಿ ಮರದ ಕಾಲ ಮುಗಿಯಿತು. ಕೊಳವೆಗಳು ಒಂದೇ ಅಚ್ಚಿನಲ್ಲಿ ಸಾವಿರಗಟ್ಟಲೆ ಬರತೊಡಗಿದರೂ ಹಿಡಿಯ ಚರ್ಮವನ್ನು ಮಾತ್ರ ಬಹುಕಾಲ ಕೈಯಿಂದಲೇ ಸುತ್ತುತ್ತಿದ್ದರು. ಆ ಕೆಲಸವನ್ನು ಅಚ್ಚಿಗೆ ಒಪ್ಪಿಸಿದವನು ಓಹಾಯೋ ಪ್ರಾಂತದ ಥಾಮಸ್ ಫಾವಿಕ್. ಮೋಟಾರುಗಾಡಿ ತಯಾರಿಸಿದ್ದವನು, ಹಡಗಿನ ಯಂತ್ರಗಳಿಗೆ ರಬ್ಬರಿನ ಕ್ಲಚ್ಚು ರೂಪಿಸಿದವನು, ಪಿಟೀಲು ಪ್ರೇಮಿ. ಉಕ್ಕು ಮತ್ತು ರಬ್ಬರಿನ ನಂಟನ್ನು ಬಲ್ಲ ಅವನ ಗಾಲ್ಫ್ ಪ್ರೈಡ್ ಸಂಸ್ಥೆ 1950ರ ದಶಕದಲ್ಲಿ, ಕೊಳವೆಯ ಮೇಲೆ ಕಾಲುಚೀಲದಂತೆ ಏರಿಸಬಹುದಾದ ರಬ್ಬರಿನ ಹಿಡಿಯನ್ನು ಮಾರುಕಟ್ಟೆಗೆ ತಂದಿತು. ಗಂಟೆಯ ಕೆಲಸ ನಿಮಿಷಕ್ಕೆ ಇಳಿಯಿತು. ಬೆವರುವ ಕೈಗಳಿಗಾಗಿ ಮುಂದೆ ರಬ್ಬರಿನೊಳಗೆ ಹತ್ತಿಯ ನೂಲು ಸೇರಿಸಿದ ಒರಟು ಹಿಡಿಗಳೂ ಬಂದವು.

ಅಚ್ಚಿನೊಂದಿಗೆ 'ಸ್ಟ್ಯಾಂಡರ್ಡ್' ಎಂಬ ಪದವೂ ಬಂದಿತು. ಪುರುಷರ ಸ್ಟ್ಯಾಂಡರ್ಡ್ ಹಿಡಿ, ಮೇಲ್ತುದಿಯಿಂದ ಎರಡು ಇಂಚು ಕೆಳಗೆ, ಸುಮಾರು 0.9 ಇಂಚು ವ್ಯಾಸದ್ದು. ಅದಕ್ಕಿಂತ 1/16 ಇಂಚು ದಪ್ಪನಾದುದು ಮಿಡ್‌ಸೈಜ್, 1/8 ಇಂಚು ದಪ್ಪನಾದುದು ಜಂಬೊ, ತೆಳುವಾದುದು ಅಂಡರ್‌ಸೈಜ್. ಬಟ್ಟೆಯ ಪಟ್ಟಿಯನ್ನು ಒಂದು ಸುತ್ತು ಬಿಚ್ಚಿ ಮತ್ತೊಮ್ಮೆ ಸುತ್ತುತ್ತಿದ್ದ ಕುಶಲಕರ್ಮಿಯ ಜಾಗದಲ್ಲಿ ನಾಲ್ಕು ಹೆಸರುಗಳು ನಿಂತವು.

ಭಾರತದಲ್ಲಿ ಈ ಆಟದ ನೆಲೆ ಹಳೆಯದು. ಕಲ್ಕತ್ತೆಯ ರಾಯಲ್ ಕ್ಲಬ್ಬು 1829ರದು, ಬ್ರಿಟನ್ನಿನ ದ್ವೀಪಗಳಾಚೆ ಸ್ಥಾಪನೆಯಾದ ಮೊದಲ ಗಾಲ್ಫ್ ಸಂಸ್ಥೆ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದು. ಈ ಮೈದಾನಗಳಲ್ಲಿ ಚೀಲ ಹೊತ್ತು, ಕೋಲು ಒರೆಸಿ, ಪರರ ಅಳತೆಯ ಹಿಡಿಗಳನ್ನು ದಿನವಿಡೀ ಮುಟ್ಟಿದವರು ಕ್ಯಾಡಿಗಳು. ದೆಹಲಿಯಲ್ಲಿ ಕ್ಯಾಡಿಯಾಗಿ ಆರಂಭಿಸಿದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯರಾದರು. ಬೆಂಗಳೂರಿನಲ್ಲಿ ಹಾಗೆಯೇ ಆರಂಭಿಸಿದ ಸಿ. ಮುನಿಯಪ್ಪ 2009ರಲ್ಲಿ ಅದೇ ಪಂದ್ಯ ಗೆದ್ದರು. ಇಂಥ ಕೈಗಳನ್ನು ಯಾವ ಕಾರ್ಖಾನೆಯೂ ಅಳೆದು ಅಚ್ಚು ಮಾಡಿರಲಿಲ್ಲ ಎಂಬುದನ್ನು ನೆನೆದಾಗ 'ಸ್ಟ್ಯಾಂಡರ್ಡ್' ಎಂಬ ಪದದ ಗರ್ವ ಸ್ವಲ್ಪ ಇಳಿಯುತ್ತದೆ.

ಸರಿಯಾದ ಅಳತೆಯನ್ನು ಕಂಡುಕೊಳ್ಳುವ ಕ್ರಮ ಸರಳವಾಗಿದೆ. ಬಲಗೈ ಆಟಗಾರನು ಎಡಗೈಯಲ್ಲಿ ಕೋಲು ಹಿಡಿದಾಗ ನಡುಬೆರಳು, ಉಂಗುರಬೆರಳುಗಳ ತುದಿ ಹೆಬ್ಬೆರಳ ಬುಡದ ಮಾಂಸಲ ಭಾಗವನ್ನು ಹಗುರವಾಗಿ ಮುಟ್ಟಬೇಕು. ಉಗುರು ಒತ್ತಿದರೆ ಹಿಡಿ ತೆಳು. ನಡುವೆ ಅಂತರ ಉಳಿದರೆ ದಪ್ಪ. ತೆಳುವಾದ ಹಿಡಿ ಮಣಿಕಟ್ಟನ್ನು ಅತಿಯಾಗಿ ತಿರುಗಿಸಿ ಚೆಂಡನ್ನು ಎಡಕ್ಕೆ ಒಯ್ಯುತ್ತದೆ, ದಪ್ಪನೆಯದು ಬಲಕ್ಕೆ ಎಂಬುದು ಆಟಗಾರರ ಹಳೆಯ ನಂಬಿಕೆ. ಹೊಸ ಹಿಡಿಯ ಒಳಬಾಯಿಯಲ್ಲಿ 58 ಅಥವಾ 60 ಎಂಬ ಅಂಕೆ ಇರುತ್ತದೆ, ಅದು 0.580, 0.600 ಇಂಚಿನ ಒಳವ್ಯಾಸ. ಕೊಳವೆಯ ತುದಿಯೂ ಅಷ್ಟೇ ಇದ್ದರೆ ಹಿಡಿ ತನ್ನ ನಿಜವಾದ ಅಳತೆಯಲ್ಲಿ ಕೂರುತ್ತದೆ. ಕೊಳವೆ ದಪ್ಪವಾದರೆ ಹಿಡಿಯೂ ಹಿಗ್ಗಿ ದಪ್ಪವಾಗುತ್ತದೆ.

ಕೂರಿಸುವ ಕೆಲಸವೂ ಮನೆಯಲ್ಲಿ ಸಾಧ್ಯ. ಕೊಕ್ಕೆಯಂಥ ಅಲಗಿನ ಚಾಕುವಿನಿಂದ, ಮೈಯಿಂದ ಹೊರಮುಖವಾಗಿ, ಹಳೆಯ ರಬ್ಬರನ್ನು ಸೀಳಬೇಕು. ಗ್ರಾಫೈಟ್ ಕೊಳವೆಯಾದರೆ ಅಲಗು ನಾರಿಗೆ ತಾಗದಂತೆ ಮತ್ತಷ್ಟು ಎಚ್ಚರ ಬೇಕು. ಟೇಪಿನ ಅಂಟನ್ನು ಪೂರ್ತಿ ತೆಗೆದು, ಎರಡು ಬದಿಯೂ ಅಂಟಿರುವ ಹೊಸ ಟೇಪನ್ನು ಹಾಸಿ, ತುದಿಯಲ್ಲಿ ಅರ್ಧ ಇಂಚು ಹೆಚ್ಚು ಬಿಟ್ಟು ಕೊಳವೆಯೊಳಕ್ಕೆ ಮಡಚಬೇಕು. ಬಣ್ಣದಂಗಡಿಯ ಮಿನರಲ್ ಟರ್ಪೆಂಟೈನನ್ನು, ಮೇಲ್ತುದಿಯ ರಂಧ್ರ ಮುಚ್ಚಿಕೊಂಡು, ಹಿಡಿಯೊಳಗೆ ಸುರಿದು ಅಲುಗಿಸಿ, ಟೇಪಿನ ಮೇಲೂ ಹರಿಸಬೇಕು. ಬಾಯಿಯನ್ನು ತುಸು ಹಿಂಡಿ ಕೊಳವೆಗೆ ತೊಡಿಸಿ, ಅರ್ಧದಲ್ಲಿ ನಿಲ್ಲದೆ ಒಂದೇ ಉಸಿರಿನಲ್ಲಿ ಕೊನೆಯವರೆಗೆ ತಳ್ಳಬೇಕು. ಓರೆಯಾಗಿದ್ದರೆ ತಕ್ಷಣ ತಿರುಗಿಸಿ ನೇರಮಾಡಬೇಕು. ಕೆಲವೇ ಕ್ಷಣಗಳಲ್ಲಿ ಅಂಟು ಹಿಡಿಯುತ್ತದೆ. ರಾತ್ರಿಯಿಡೀ ಒಣಗಿದ ಮೇಲೆ ಆಡಬಹುದು. ಬೆಂಕಿಯಿಂದ ದೂರವಿರಬೇಕು, ಕಿಟಕಿ ತೆರೆದಿರಬೇಕು. ನಮ್ಮ ಮೊದಲ ಹಿಡಿ ಅರ್ಧ ದಾರಿಯಲ್ಲಿ ನಿಂತು ಹಾಳಾಯಿತು. ದ್ರವವನ್ನು ಉಳಿಸಲು ಹೋದದ್ದರ ಫಲ.

ಇನ್ನು ನಾಲ್ಕು ಸುತ್ತಿನ ವಿಚಾರ. ಬೆರಳುಗಳ ಕೀಲು ಊದಿದವರಿಗೆ, ಮುಷ್ಟಿ ಪೂರ್ತಿ ಮುಚ್ಚಲಾಗದವರಿಗೆ ದಪ್ಪನೆಯ ಹಿಡಿ ಹಿತವೆಂದು ಸಲಹೆ ನೀಡುವುದುಂಟು. ಬೆರಳು ಅಷ್ಟು ಮಡಚಬೇಕಿಲ್ಲ, ಅಷ್ಟು ಬಿಗಿಯಬೇಕಿಲ್ಲ. ಇದನ್ನು ತಿಳಿದಾಗ ಓದುಕೂಟದ ಒಂದು ಚಿತ್ರ ಕಣ್ಣಮುಂದೆ ಬಂದಿತು. ಹಿರಿಯರು ಪುಟ ತಿರುವುತ್ತಿದ್ದುದು ಬೆರಳ ತುದಿಯಿಂದಲ್ಲ, ಅಂಗೈಯ ಅಂಚಿನಿಂದ. ಕಾಫಿಯ ಲೋಟವನ್ನು ಎರಡೂ ಕೈಗಳಿಂದ ಎತ್ತುತ್ತಿದ್ದರು. ಅದನ್ನು ನಾವು ವರ್ಷಗಟ್ಟಲೆ ಅವರ ಸಾವಧಾನವೆಂದು ತಿಳಿದಿದ್ದೆವು. ಪಕ್ಕದಲ್ಲಿ ಕುಳಿತು ಕಾಣದೆ ಹೋದ ನೋವನ್ನು ನಾಲ್ಕು ಸುತ್ತು ಟೇಪು ಹೇಳಿತು.

ದೂರವಾಣಿಯಲ್ಲಿ ಕೇಳಿದಾಗ ಅವರು ನಕ್ಕರು. ಮೊದಲು ಒಂದು ಸುತ್ತಿತ್ತಂತೆ. ಹಿಡಿ ಬದಲಿಸಿದಾಗಲೆಲ್ಲ ಒಂದೊಂದು ಹೆಚ್ಚಿಸಿದರಂತೆ. ಮಿಡ್‌ಸೈಜ್ ಕೊಳ್ಳಬಹುದಿತ್ತಲ್ಲ ಎಂದೆವು. ಅದನ್ನು ಕೊಂಡರೆ ಒಪ್ಪಿಕೊಂಡಂತಾಗುತ್ತಿತ್ತು ಎಂದರು.

ನಮ್ಮ ಕೈಗೆ ಒಂದು ಸುತ್ತು ಸಾಕಾಯಿತು. ಚೀಲದಲ್ಲಿದ್ದ ಪಟರ್ ಒಂದನ್ನು ಮಾತ್ರ ಬೇರೆಯಾಗಿ ಇರಿಸಿದೆವು. ಉಳಿದ ಕೋಲುಗಳ ಹಿಡಿ ದುಂಡಗಿರಬೇಕೆಂದು ವಿಧಿಸುವ ಆಟದ ನಿಯಮ, ಪಟರಿಗೆ ಚಪ್ಪಟೆ ಮುಖವನ್ನೂ 1.75 ಇಂಚಿನವರೆಗಿನ ಅಗಲವನ್ನೂ ಅನುಮತಿಸುತ್ತದೆ. ಅದಕ್ಕೆ ದೊರೆತುದರಲ್ಲಿ ದಪ್ಪನೆಯ ಮೆತ್ತನೆಯ ಹಿಡಿಯೊಂದನ್ನು ಕೂರಿಸಿದೆವು. ಬೇಸಗೆ ರಜೆಗೆ ಊರಿಗೆ ಹೊರಟ ಕೂಟದ ಮಿತ್ರರ ಸಾಮಾನಿನೊಂದಿಗೆ ಅದು ಮೈಸೂರು ತಲುಪಿತು. ಮನೆಯ ತಾರಸಿಯಲ್ಲಿ ಮೊಮ್ಮಗಳೊಡನೆ ಚೆಂಡು ಉರುಳಿಸುತ್ತಾರಂತೆ. ಹಿಡಿ ಹೇಗಿದೆಯೆಂದು ನಾವು ಕೇಳಲಿಲ್ಲ. ಅವರೇ ಹೇಳಿದರು: ಈಗ ಕೈ ಕೋಲನ್ನು ಮರೆಯುತ್ತದೆ.