ಅಂಗಳದಲ್ಲಿ ಕಲಿತ ಗುರುಮಾತೆಯರು

ಮಕ್ಕಳಿಗೆ ಅಕ್ಷರ ಕಲಿಸುವವರನ್ನು ಲೋಕವು ಗುರುವೆಂದು ಗೌರವಿಸುತ್ತದೆ. ಆದರೆ ಅಕ್ಷರಕ್ಕೂ ಮುನ್ನ, ಮೂರು ನಾಲ್ಕು ವರ್ಷದ ಹಸುಳೆಯ ಮೂಗೊರೆಸಿ, ಕೈಕಾಲು ತೊಳೆದು, ಅಳುವನ್ನು ಹಾಡಿನಿಂದ ನಿಲ್ಲಿಸಿ, ಇತರ ಮಕ್ಕಳೊಡನೆ ಕೂಡಿ ಬಾಳುವುದನ್ನು ಕಲಿಸುವವಳಿಗೆ ಆ ಗೌರವ ಬಹುಕಾಲ ದೊರೆಯಲಿಲ್ಲ. ಅವಳನ್ನು ಆಯಾ ಎಂದರು, ದಾದಿ ಎಂದರು, ಗುರು ಎನ್ನಲಿಲ್ಲ. ಆ ಕೆಲಸಕ್ಕೂ ಒಂದು ವಿದ್ಯೆಯಿದೆ, ಆ ವಿದ್ಯೆಗೂ ಒಂದು ಸಾಧನೆಯಿದೆ ಎಂಬುದು ಜಗತ್ತಿಗೆ ಮನದಟ್ಟಾದುದು ಇತ್ತೀಚಿನ ಇನ್ನೂರು ವರ್ಷಗಳಲ್ಲಿ ಮಾತ್ರ. ಆ ವಿದ್ಯೆಯನ್ನು ಎಲ್ಲಿ ಕಲಿಯಬೇಕು, ಪುಸ್ತಕದ ಮುಂದೆಯೋ ಮಗುವಿನ ಮುಂದೆಯೋ ಎಂಬ ವಾದ ಇಂದಿಗೂ ಮುಗಿದಿಲ್ಲ. ನೇಕಾರನ ಮಗ ಮಗ್ಗದ ಕುಣಿಯಲ್ಲಿ ಕುಳಿತೇ ನೇಯ್ಗೆ ಕಲಿಯುತ್ತಾನೆ. ಕುಂಬಾರನ ಮಗ ತಿಗರಿಯ ಬಳಿಯೇ ಮಣ್ಣಿನ ಹದ ಅರಿಯುತ್ತಾನೆ. ಶಿಶುಶಿಕ್ಷಕಿಯೂ ಹಾಗೆಯೇ ಕಾಯಕದೊಳಗೇ ಕಲಿಯಬೇಕೆಂದು ನಂಬಿ ನಡೆದ ಕೆಲವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಇದರ ಆರಂಭವನ್ನು ಸಾಮಾನ್ಯವಾಗಿ ಜರ್ಮನಿಯ ಫ್ರೊಬೆಲ್ ಮಹಾಶಯನಿಂದ ಗುರುತಿಸುತ್ತಾರೆ. ಆತ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟನು. ತೋಟಕ್ಕೆ ಮಾಲಿ ಬೇಕಲ್ಲವೇ? ತರುಣಿಯರನ್ನು ಆ ಕೆಲಸಕ್ಕೆ ಅಣಿಗೊಳಿಸುವುದಕ್ಕೇ ಆತ ತನ್ನ ಕೊನೆಯ ವರ್ಷಗಳನ್ನು ವ್ಯಯಿಸಿದನು. 1851ರಲ್ಲಿ ಪ್ರಷ್ಯಾ ಸರಕಾರ ಈ ಶಾಲೆಗಳನ್ನು ನಿಷೇಧಿಸಿತು. ಮರುವರ್ಷವೇ ಆತ ತೀರಿಕೊಂಡನು. ಆತನ ಶಿಷ್ಯೆಯರು ಮಾತ್ರ ದೇಶಾಂತರ ಹೋಗಿ ಆ ಬೀಜವನ್ನು ಬಿತ್ತಿದರು.

ಆದರೆ ಬಡವರ ಕೇರಿಯಲ್ಲಿ ಈ ವಿದ್ಯೆಗೆ ಬೇರೆಯೇ ರೂಪ ಬೇಕೆಂದು ಕಂಡುಕೊಂಡವರು ಇಂಗ್ಲೆಂಡಿನ ಅಕ್ಕತಂಗಿಯರಾದ ರೇಚಲ್ ಮತ್ತು ಮಾರ್ಗರೆಟ್ ಮ್ಯಾಕ್‌ಮಿಲನ್ ಅವರು. ಮಾರ್ಗರೆಟ್ ಅವರು 1894ರಲ್ಲಿ ಬ್ರ್ಯಾಡ್‌ಫರ್ಡ್ ನಗರದ ಶಾಲಾ ಮಂಡಲಿಗೆ ಆಯ್ಕೆಯಾದಾಗ, ಹಸಿದ ಹಾಗೂ ಕೊಳೆಯಾದ ಮಗುವಿಗೆ ಪಾಠ ಹೇಳುವುದು ವ್ಯರ್ಥವೆಂಬುದನ್ನು ಕಣ್ಣಾರೆ ಕಂಡರು. ಮುಂದೆ ಲಂಡನ್ನಿನ ಡೆಪ್ಟ್‌ಫರ್ಡ್ ಕೇರಿಯಲ್ಲಿ ಸೋದರಿಯರಿಬ್ಬರೂ 1910ರಲ್ಲಿ ಮಕ್ಕಳ ಚಿಕಿತ್ಸಾಲಯವನ್ನು ನಡೆಸತೊಡಗಿದರು. ಚಿಕಿತ್ಸೆ ಪಡೆದು ಗುಣವಾದ ಮಕ್ಕಳು ಅದೇ ಕತ್ತಲ ಮನೆಗಳಿಗೆ ಹಿಂದಿರುಗಿ, ಕೆಲವೇ ವಾರಗಳಲ್ಲಿ ಅದೇ ರೋಗಗಳೊಂದಿಗೆ ಮತ್ತೆ ಬರುತ್ತಿದ್ದರು. ಹೀಗಾಗಿ ಔಷಧಕ್ಕಿಂತ ಗಾಳಿ, ಬೆಳಕು, ನೀರು, ನಿದ್ರೆ, ಆಹಾರಗಳೇ ಮುಖ್ಯವೆಂದರಿತು, 1914ರಲ್ಲಿ ಬಯಲು ಶಿಶುಶಾಲೆಯನ್ನು ಆರಂಭಿಸಿದರು. ತೋಟದ ನಡುವೆ ಮೂರು ಕಡೆ ಮಾತ್ರ ಗೋಡೆಯಿದ್ದ ಸರಳ ಚಪ್ಪರಗಳು; ಬೆಳಿಗ್ಗೆ ಸ್ನಾನ, ಅನಂತರ ಉಪಾಹಾರ, ಆಟ, ಮಧ್ಯಾಹ್ನ ಬಯಲಿನಲ್ಲೇ ನಿದ್ರೆ. ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋಗುತ್ತಿದ್ದ ತಾಯಂದಿರ ಮಕ್ಕಳೂ ಅಲ್ಲಿಗೆ ಬಂದರು. ರೇಚಲ್ ಅವರು 1917ರಲ್ಲಿ ನಿಧನರಾದರು. ಶಾಲೆಗೆ ಅವರದೇ ಹೆಸರಾಯಿತು.

ಮಾರ್ಗರೆಟ್ ಅವರಿಗೆ ಎದುರಾದ ದೊಡ್ಡ ತೊಡಕು ಹಣದ್ದಲ್ಲ, ಶಿಕ್ಷಕಿಯರದು. ತರಬೇತಿ ಕಾಲೇಜುಗಳಿಂದ ಬಂದವರಿಗೆ ಪಾಠದ ಟಿಪ್ಪಣಿ ಬರೆಯಲು ಬರುತ್ತಿತ್ತು. ಮಗುವಿನ ತಲೆಯ ಹೇನು ತೆಗೆಯಲು, ಉಣ್ಣದೆ ಹಟ ಮಾಡುವ ಮಗುವನ್ನು ಒಲಿಸಲು ಬರುತ್ತಿರಲಿಲ್ಲ. ಆದುದರಿಂದ ಅವರು ತರುಣಿಯರನ್ನು ಮೊದಲ ದಿನದಿಂದಲೇ ಚಪ್ಪರಕ್ಕೆ ಸೇರಿಸಿ, ಒಬ್ಬೊಬ್ಬರಿಗೆ ಕೆಲವೇ ಮಕ್ಕಳ ಪೂರ್ಣ ಹೊಣೆಯನ್ನು ಒಪ್ಪಿಸತೊಡಗಿದರು. ಆ ತರುಣಿಯರು ಮಕ್ಕಳ ಮನೆಗಳಿಗೂ ಹೋಗಿ, ಅವರು ಯಾವ ಕೋಣೆಯಲ್ಲಿ ಎಷ್ಟು ಜನರ ನಡುವೆ ಮಲಗುತ್ತಾರೆಂಬುದನ್ನು ನೋಡಿ ಬರಬೇಕಾಗಿತ್ತು. ತಾತ್ತ್ವಿಕ ವ್ಯಾಸಂಗ ಆ ಅನುಭವದ ಮೇಲೆ ಕಟ್ಟಬೇಕಾದ ಮಹಡಿ ಎಂಬುದು ಅವರ ನಿಲುವು. ಎಳೆಯ ಮಕ್ಕಳ ಶಿಕ್ಷಕಿಗೆ ಮೂರು ವರ್ಷಗಳ ಪೂರ್ಣ ತರಬೇತಿ ಬೇಕೆಂದು ಅವರು ಹಟ ಹಿಡಿದರು. ಚಿಕ್ಕ ಮಕ್ಕಳಿಗೆ ಚಿಕ್ಕ ತರಬೇತಿ ಸಾಕೆಂಬುದು ಅಧಿಕಾರಿಗಳ ಎಣಿಕೆಯಾಗಿತ್ತು. ಈ ಎಣಿಕೆ ಯಾವ ದೇಶದ ಅಧಿಕಾರಿಗಳನ್ನೂ ಪೂರ್ಣವಾಗಿ ಬಿಟ್ಟುಹೋದಂತೆ ಕಾಣುವುದಿಲ್ಲ! ಕೊನೆಗೆ 1930ರಲ್ಲಿ ಅಕ್ಕನ ಹೆಸರಿನ ತರಬೇತಿ ಕಾಲೇಜು ಡೆಪ್ಟ್‌ಫರ್ಡಿನಲ್ಲೇ ತೆರೆಯಿತು. ಮರುವರ್ಷ ಮಾರ್ಗರೆಟ್ ಅವರು ಕಾಲವಾದರು. ಅದಕ್ಕೂ ಮೊದಲೇ, 1921ರಲ್ಲಿ, ಅಮೆರಿಕದ ಬಾಸ್ಟನ್ನಿನಿಂದ ಬಂದ ಅಬಿಗೇಲ್ ಎಲಿಯಟ್ ಎಂಬಾಕೆ ಇಲ್ಲಿ ಕೆಲಸ ಮಾಡುತ್ತ ಕಲಿತು, ಹಿಂದಿರುಗಿ 1922ರಲ್ಲಿ ತಮ್ಮ ಊರಿನಲ್ಲಿ ಇಂಥದೇ ಶಾಲೆಯನ್ನು ನಡೆಸತೊಡಗಿದ್ದರು.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಸೌರಾಷ್ಟ್ರದ ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ಸ್ಥಾಪಿಸಿದ ದಕ್ಷಿಣಾಮೂರ್ತಿ ಎಂಬ ವಿದ್ಯಾರ್ಥಿನಿಲಯವಿತ್ತು. ನಿಲಯವಾಗಿ ಹುಟ್ಟಿ ವಿದ್ಯಾಸಂಸ್ಥೆಯಾಗಿ ಬೆಳೆದ ಅದರ ಕಥೆ, ಶ್ರೀಮಠಗಳ ಪ್ರಸಾದನಿಲಯಗಳಲ್ಲಿ ಓದಿ ಬಂದ ನಮ್ಮ ವಾಚಕರಿಗೆ ಅಪರಿಚಿತವೆನಿಸಲಾರದು. ಗಿಜುಭಾಯಿ ಬಧೇಕಾ ಅವರು (1885–1939) ವಕೀಲಿ ವೃತ್ತಿಯನ್ನು ಬಿಟ್ಟು 1916ರಲ್ಲಿ ಈ ಸಂಸ್ಥೆಗೆ ಸೇರಿದರು. ತಮ್ಮ ಮಗನನ್ನು ಹೇಗೆ ಬೆಳೆಸಬೇಕೆಂಬ ಚಿಂತೆಯಲ್ಲಿದ್ದಾಗ ಮಾಂಟೆಸ್ಸೊರಿಯವರ ಗ್ರಂಥ ಕೈಗೆ ಬಂದುದೇ ಈ ಪರಿವರ್ತನೆಗೆ ಕಾರಣ. ಮೊದಲು ದೊಡ್ಡ ಹುಡುಗರಿಗೆ ಪಾಠ ಹೇಳಿದ ಅವರಿಗೆ, ಬುನಾದಿ ಇನ್ನೂ ಕೆಳಗಿದೆಯೆಂದು ತೋರಿತು. 1920ರಲ್ಲಿ ಬಾಲಮಂದಿರವನ್ನು ತೆರೆದರು. ಮೀಸೆಯುಳ್ಳ ಈ ಮಹನೀಯರು ಮಕ್ಕಳೊಡನೆ ಕುಣಿದು, ಕಥೆ ಹೇಳಿ, ನಾಟಕವಾಡಿ, ಜನರ ಬಾಯಲ್ಲಿ ‘ಮೀಸೆಯ ತಾಯಿ’ ಎನಿಸಿಕೊಂಡರು. ಬಾಲಮಂದಿರದ ಮಗ್ಗುಲಲ್ಲೇ ಅಧ್ಯಾಪನ ಮಂದಿರವೂ ಬೆಳೆಯಿತು. ಶಿಕ್ಷಕರಾಗ ಬಯಸಿದವರಿಗೆ ಅಲ್ಲಿ ಮೊದಲನೆಯ ಪಾಠವೆಂದರೆ ಸುಮ್ಮನೆ ಕುಳಿತು ಮಗುವನ್ನು ನೋಡುವುದು. ಕೇಳಲು ಸುಲಭ, ದೊಡ್ಡವರಿಗೆ ಇದಕ್ಕಿಂತ ಕಠಿಣವಾದ ವ್ರತ ಮತ್ತೊಂದಿಲ್ಲ.

ಈ ಮಂದಿರಕ್ಕೆ 1923ರಲ್ಲಿ ಬಂದವರು ತಾರಾಬಾಯಿ ಮೋಡಕ್ (1892–1973). ಪದವೀಧರೆ, ಮುಂಬಯಿಯ ಪ್ರಾರ್ಥನಾ ಸಮಾಜದ ಮನೆತನದಲ್ಲಿ ಬೆಳೆದವರು. ದಾಂಪತ್ಯ ಒಡೆದುಹೋದ ಮೇಲೆ ರಾಜಕೋಟದಲ್ಲಿ ಸ್ತ್ರೀಯರ ಅಧ್ಯಾಪನ ವಿದ್ಯಾಲಯದ ಪ್ರಾಂಶುಪಾಲರಾಗಿದ್ದವರು. ಶಿಕ್ಷಕಿಯರನ್ನು ತಯಾರಿಸುವ ಕಾಲೇಜಿನ ಮುಖ್ಯಸ್ಥೆಯೇ ಆ ಹುದ್ದೆಯನ್ನು ತೊರೆದು, ಗಿಜುಭಾಯಿಯವರ ಬಾಲಮಂದಿರದಲ್ಲಿ ಚಾಪೆಯ ಮೇಲೆ ಕುಳಿತು ಮೊದಲಿನಿಂದ ಕಲಿಯತೊಡಗಿದರೆಂಬುದು ಗಮನಾರ್ಹ. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಮುಂದೆ ತಾರಾಬಾಯಿಯವರು ಮುಂಬಯಿಗೆ ಮರಳಿ, 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ಆರಂಭಿಸಿದರು. 1939ರಲ್ಲಿ ಮಾಂಟೆಸ್ಸೊರಿಯವರೇ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ಇಲ್ಲಿಯೇ ಉಳಿದು, ಅನೇಕ ಶಿಕ್ಷಕರನ್ನು ತರಬೇತುಗೊಳಿಸಿದರು. ಆದರೆ ಆ ಪದ್ಧತಿಯ ಉಪಕರಣಗಳು ದುಬಾರಿ. ಅದು ಬಹುಮಟ್ಟಿಗೆ ನಗರದ ಅನುಕೂಲಸ್ಥರ ಮಕ್ಕಳಿಗೇ ದಕ್ಕಿತು. ದಾದರಿನ ಶಿಶುವಿಹಾರಕ್ಕೂ ಇದೇ ಮಿತಿಯಿದ್ದುದನ್ನು ತಾರಾಬಾಯಿಯವರು ಬಲ್ಲರು.

1945ರಲ್ಲಿ, ತಮ್ಮ ಐವತ್ಮೂರನೆಯ ವಯಸ್ಸಿನಲ್ಲಿ, ಅವರು ಗುಜರಾತಿನ ಗಡಿಗೆ ಹೊಂದಿದ ಬೋರ್ಡಿ ಎಂಬ ಕಡಲತಡಿಯ ಹಳ್ಳಿಯಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಅದೇ ವರ್ಷ ಬೋರಿವಲಿಯಲ್ಲಿ ನಡೆದ ಕಸ್ತೂರಬಾ ಟ್ರಸ್ಟಿನ ಗ್ರಾಮಸೇವಿಕೆಯರ ಶಿಬಿರದಲ್ಲಿ ಅವರಿಗೆ ಅನುತಾಯಿ ವಾಘ್ ದೊರೆತರು. ಅನುತಾಯಿಯವರ ಜೀವನವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. 1910ರಲ್ಲಿ ಪುಣೆ ಜಿಲ್ಲೆಯಲ್ಲಿ ಜನನ. ಹದಿಮೂರನೆಯ ವಯಸ್ಸಿಗೆ ವಿವಾಹ, ತಿಂಗಳುಗಳಲ್ಲೇ ವೈಧವ್ಯ. ಅಂದಿನ ಸಮಾಜದಲ್ಲಿ ಬಾಲವಿಧವೆಗೆ ಉಳಿಯುತ್ತಿದ್ದುದು ಅಡುಗೆಮನೆಯ ಮೂಲೆ. ಆಕೆ ಆ ಮೂಲೆಯನ್ನು ಒಪ್ಪದೆ ಓದಿ, ಅಧ್ಯಾಪಕಿಯ ತರಬೇತಿ ಪಡೆದು, ಪುಣೆಯ ಹುಜೂರಪಾಗಾ ಹೆಣ್ಣುಮಕ್ಕಳ ಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿದರು. ಹಗಲು ಕಲಿಸುತ್ತ, ರಾತ್ರಿಶಾಲೆಯಲ್ಲಿ ಕಲಿಯುತ್ತ 1937ರಲ್ಲಿ ಮೆಟ್ರಿಕ್ ಮುಗಿಸಿದರು. ಬಿ.ಎ. ಪದವಿ ಪಡೆದುದು 1961ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ!

ಇಷ್ಟು ಅನುಭವವಿದ್ದರೂ ಬೋರ್ಡಿಗೆ ಬಂದಾಗ ಅನುತಾಯಿ ಹೊಸಬರೇ. ಬೆಂಚಿನ ಮೇಲೆ ಕುಳಿತ ಬಾಲಿಕೆಯರಿಗೆ ಪಾಠ ಹೇಳುವುದು ಬೇರೆ. ಮರಳಿನಲ್ಲಿ ಹೊರಳುವ ಮೂರು ವರ್ಷದ ಮಗುವಿನ ಮನಸ್ಸನ್ನು ಸೇರುವುದು ಬೇರೆ. ಮೂವತ್ತೈದರ ಹರೆಯದಲ್ಲಿ ಅವರು ತಾರಾಬಾಯಿಯವರ ಕೈಕೆಳಗೆ ಶಿಷ್ಯವೃತ್ತಿಗೆ ನಿಂತರು. ಯೋಜನೆ ಗುರುವಿನದು, ಪ್ರಯೋಗ ಶಿಷ್ಯೆಯದು. ಪ್ರಯೋಗ ಸೋತಾಗ ಯೋಜನೆಯನ್ನೇ ತಿದ್ದುವ ಔದಾರ್ಯ ಗುರುವಿಗಿತ್ತು. ಅಂತಹ ಸೋಲುಗಳಲ್ಲಿ ಮೊದಲನೆಯದೇ ಬಹುದೊಡ್ಡದು. ಕೇಂದ್ರದಲ್ಲಿ ಬಾಲವಾಡಿಯನ್ನು ತೆರೆದರೂ, ಯಾರಿಗಾಗಿ ತೆರೆದರೋ ಆ ಬಡವರ, ದಲಿತರ ಮಕ್ಕಳು ಬರಲಿಲ್ಲ. ಹಸುಳೆಗಳಿಗೆ ಎಂಥ ಶಾಲೆ ಎಂಬುದು ಕೆಲವರ ಪ್ರಶ್ನೆ. ದುಡಿಮೆಗೆ ಹೋಗುವ ತಾಯಿಗೆ ಮಗುವನ್ನು ಅಲ್ಲಿಯವರೆಗೆ ಕರೆತರಲು ಬಿಡುವೆಲ್ಲಿ? ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕೆಂದು ನಿಶ್ಚಯವಾಯಿತು. ಅನುತಾಯಿಯವರು ಕೇರಿಗೇ ಹೋಗಿ, ಗುಡಿಸಲ ಮುಂದಿನ ಅಂಗಳ ಗುಡಿಸಿ, ಮಕ್ಕಳನ್ನು ತೊಳೆದು, ತಲೆ ಬಾಚಿ, ಹಾಡು ಆಟಗಳನ್ನು ನಡೆಸಿದರು. ಮುಟ್ಟಬಾರದೆಂದು ಸಮಾಜ ದೂರವಿಟ್ಟ ಮಕ್ಕಳ ಮೈಯನ್ನು ಮೇಲ್ಜಾತಿಯ ವಿಧವೆಯೊಬ್ಬಳು ತನ್ನ ಕೈಯಾರೆ ತೊಳೆಯುವುದೆಂದರೆ ಆ ಕಾಲದಲ್ಲಿ ಅದೊಂದು ಮೌನಕ್ರಾಂತಿ. ಕಲ್ಯಾಣದ ಶರಣರ ಪರಂಪರೆಯಲ್ಲಿ ಬಂದ ನಮಗೆ ಇದರ ಬೆಲೆ ಬೇಗನೆ ತಿಳಿಯಬೇಕು.

ಹೀಗೆ ಅಂಗಳದಲ್ಲಿ ನಡೆದ ಬಾಲವಾಡಿಗೆ ಅವರು ಮರಾಠಿಯಲ್ಲಿ ‘ಅಂಗಣವಾಡಿ’ ಎಂದರು. ಇಂದು ನಾವು ‘ಅಂಗನವಾಡಿ’ ಎಂದು ಬರೆಯುವ ಶಬ್ದವನ್ನು ‘ಅಂಗನೆ’ಯರಿಗೆ ಸಂಬಂಧಿಸಿದ್ದೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ, ಇದು ಮನೆಯ ಮುಂದಿನ ಅಂಗಣವೇ, ನಮ್ಮ ಅಂಗಳವೇ.

ದುಬಾರಿ ಉಪಕರಣಗಳ ಪ್ರಶ್ನೆಯೂ ಅಂಗಳದಲ್ಲೇ ಬಗೆಹರಿಯಿತು. ಎಣಿಸಲು ಕಡಲತಡಿಯ ಚಿಪ್ಪುಗಳು, ಬೆಣಚುಕಲ್ಲುಗಳು, ಹಣ್ಣಿನ ಬೀಜಗಳು. ಬಣ್ಣ ಗುರುತಿಸಲು ಎಲೆ ಹೂಗಳು. ಮಾಂಟೆಸ್ಸೊರಿಯವರ ತತ್ತ್ವವನ್ನು ಉಳಿಸಿಕೊಂಡು ಸಾಮಗ್ರಿಯನ್ನು ಬದಲಿಸಿದ ಈ ಕಾರ್ಯ ಪುಸ್ತಕ ಓದಿದ ಮಾತ್ರಕ್ಕೆ ಸಾಧ್ಯವಾಗುತ್ತಿರಲಿಲ್ಲ.

1957ರ ಸುಮಾರಿಗೆ ಕೇಂದ್ರವು ಬೋರ್ಡಿಯಿಂದ ಸಮೀಪದ ಕೋಸಬಾಡದ ಗುಡ್ಡಕ್ಕೆ ಸ್ಥಳಾಂತರವಾಯಿತು. ಅದು ವಾರ್ಲಿ ಆದಿವಾಸಿಗಳ ಸೀಮೆ. ಅಂದು ಠಾಣೆ ಜಿಲ್ಲೆಯಲ್ಲಿದ್ದು 2014ರಿಂದ ಪಾಲ್ಘರ್ ಜಿಲ್ಲೆಗೆ ಸೇರಿದೆ. ಅಲ್ಲಿ ಮತ್ತೊಂದು ಪಾಠ ಕಾದಿತ್ತು. ಎಂಟು ವರ್ಷದ ಹುಡುಗಿ ಶಾಲೆಗೆ ಬಾರದಿರುವುದು ಓದಿನ ಮೇಲಿನ ಅಸಡ್ಡೆಯಿಂದಲ್ಲ, ಅವಳ ಸೊಂಟದ ಮೇಲೆ ಕೂಸಿರುವುದರಿಂದ. ಆದುದರಿಂದ ವಿಕಾಸವಾಡಿ ಎಂಬ ಹೆಸರಿನಲ್ಲಿ ಕೂಸಿಗೆ ಶಿಶುಗೃಹ, ಅದಕ್ಕಿಂತ ದೊಡ್ಡದಕ್ಕೆ ಬಾಲವಾಡಿ, ಅಕ್ಕನಿಗೆ ಪ್ರಾಥಮಿಕ ಶಾಲೆ, ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿದರು. ದನ ಮೇಯಿಸುವ ಹುಡುಗರಿಗಾಗಿ ಶಿಕ್ಷಕರೇ ಹುಲ್ಲುಗಾವಲಿಗೆ ಹೋಗಿ ನಡೆಸಿದ ‘ಕುರಣಶಾಲೆ’ಯೂ ಇಂಥದೇ ಪ್ರಯೋಗ. ಬಾಲಸೇವಿಕೆಯರ ತರಬೇತಿಯೂ ಈ ಮಕ್ಕಳ ನಡುವೆಯೇ ಸಾಗಿತು. ಕಲಿಯಲು ಬಂದವಳು ನೀರು ಹೊತ್ತು, ಅಂಗಳ ಸಾರಿಸಿ, ಕೂಸನ್ನು ತೂಗಿ, ಅನಂತರ ಕಥೆ ಹೇಳಲು ಕೂರಬೇಕಾಗಿತ್ತು. ಸ್ಥಳೀಯ ಹೆಣ್ಣುಮಕ್ಕಳಿಗೆ ಓದು ಕಡಿಮೆಯಿರಬಹುದು. ಆದರೆ ಮಗುವಿನ ಮಾತು, ಹಾಡು, ಹಸಿವು ಅವರಿಗೆ ಗೊತ್ತು. ನಗರದಿಂದ ಬಂದವರು ಇದನ್ನೇ ಮೊದಲು ಕಲಿಯಬೇಕಾಗಿತ್ತು. ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 1973ರಲ್ಲಿ ಅವರು ನಿಧನರಾದ ಮೇಲೆ ಕಾರ್ಯಭಾರವೆಲ್ಲ ಅನುತಾಯಿಯವರ ಹೆಗಲಿಗೆ ಬಂತು. 1992ರಲ್ಲಿ ಕಣ್ಮುಚ್ಚುವವರೆಗೂ ಅವರು ಕೋಸಬಾಡವನ್ನು ಬಿಡಲಿಲ್ಲ.

ಭಾರತ ಸರಕಾರವು 1975ನೆಯ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಾರಂಭಿಸಿದಾಗ, ಅದರ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ನಿಂತಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ರಾಜ್ಯದ ಊರೂರಿನಲ್ಲೂ ಅಂಗನವಾಡಿಯಿದೆ. ಆದರೆ ಹೆಸರು ಬಂದಷ್ಟು ಸುಲಭವಾಗಿ ಅದರ ಹಿಂದಿನ ಶಿಷ್ಯವೃತ್ತಿ ಬರಲಿಲ್ಲವೆಂದು ಹೇಳದೆ ವಿಧಿಯಿಲ್ಲ. ಕಾರ್ಯಕರ್ತೆಗೆ ತರಬೇತಿಯೇನೋ ಇದೆ. ಆದರೆ ದಾಖಲೆಪುಸ್ತಕಗಳ ಭಾರ, ಸಮೀಕ್ಷೆಗಳ ಓಡಾಟ, ಗೌರವಧನವೆಂಬ ಹೆಸರಿನ ಅಲ್ಪ ಸಂಭಾವನೆ ಇವುಗಳ ನಡುವೆ ಸುಮ್ಮನೆ ಕುಳಿತು ಮಗುವನ್ನು ನೋಡುವ ಗಿಜುಭಾಯಿಯವರ ಮೊದಲ ಪಾಠಕ್ಕೆ ಅವಳಿಗೆ ಪುರುಸೊತ್ತೆಲ್ಲಿ? ಅವಳ ಜೊತೆಗೆ ಇನ್ನೊಬ್ಬಳಿದ್ದಾಳೆ: ಸಹಾಯಕಿ. ಬೆಳಿಗ್ಗೆ ಬಾಗಿಲು ತೆರೆದು ಕಸ ಗುಡಿಸುವವಳು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವವಳು, ಅಡುಗೆ ಮಾಡಿ ಬಡಿಸಿ ಕೈತೊಳೆಸುವವಳು. ಡೆಪ್ಟ್‌ಫರ್ಡಿನ ತರುಣಿಯರು ಮೊದಲ ವರ್ಷ ಮಾಡುತ್ತಿದ್ದುದೂ, ಬೋರ್ಡಿಯ ಅಂಗಳದಲ್ಲಿ ಅನುತಾಯಿ ಮಾಡಿದುದೂ ಬಹುಮಟ್ಟಿಗೆ ಇದನ್ನೇ. ಅಲ್ಲಿ ಅದು ವಿದ್ಯೆಯ ಮೊದಲ ಮೆಟ್ಟಿಲಾಗಿತ್ತು. ಇಲ್ಲಿ ಬಹುಕಾಲ ಅದೇ ಕೊನೆಯ ಮೆಟ್ಟಿಲೂ ಆಗಿತ್ತು. ಅನುಭವವುಳ್ಳ ಸಹಾಯಕಿಯರನ್ನು ಕಾರ್ಯಕರ್ತೆಯರ ಹುದ್ದೆಗೆ ಏರಿಸುವ ಅವಕಾಶವನ್ನು ಈಗ ನಿಯಮಗಳಲ್ಲಿ ಕಲ್ಪಿಸಲಾಗಿದೆ. ವರ್ಷಗಟ್ಟಲೆ ಮಕ್ಕಳ ಕೈತೊಳೆಸಿದ ಹೆಣ್ಣುಮಗಳೊಬ್ಬಳು ಆ ದಾರಿಯಿಂದ ಬಂದು, ಅದೇ ಅಂಗನವಾಡಿಯಲ್ಲಿ ಕಥೆ ಹೇಳಲು ಕುಳಿತಿರುವುದನ್ನು ನಮ್ಮ ವಾಚಕರಲ್ಲಿ ಕೆಲವರು ತಮ್ಮ ಊರಿನಲ್ಲೇ ಕಂಡಿರಬಹುದು.