ಗ್ರೀಕ್–ಲ್ಯಾಟಿನ್ ಅಧ್ಯಯನ: ಐಗಳಿ ಸೀಮೆ ಮತ್ತು ಕರ್ನಾಟಕ

ಪ್ರಾಚೀನ ಗ್ರೀಸ್ ಮತ್ತು ರೋಮಿನ ಭಾಷೆ, ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಶಾಸನ, ನಾಣ್ಯಗಳನ್ನು ಒಟ್ಟಾಗಿ ಓದುವ ವಿಷಯಕ್ಕೆ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ‘ಕ್ಲಾಸಿಕ್ಸ್’ ಎಂಬ ಹೆಸರಿದೆ. ಆಕ್ಸ್‌ಫರ್ಡಿನಲ್ಲಿ ಇದು ನಾಲ್ಕು ವರ್ಷದ ಪದವಿ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಇದೊಂದು ಸ್ವತಂತ್ರ ವಿಭಾಗವಾಗಿ ಬೆಳೆಯಲಿಲ್ಲ. ಅಥಣಿ ತಾಲ್ಲೂಕಿನ ಐಗಳಿಯ ವಿದ್ಯಾರ್ಥಿ ಇಂದು 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಸೊಫೊಕ್ಲಿಸನನ್ನೋ ಅರಿಸ್ಟಾಟಲನನ್ನೋ ಕಂಡರೆ ಅದು ಇಂಗ್ಲಿಷ್ ಇಲ್ಲವೇ ಕನ್ನಡ ಅನುವಾದದ ಮೂಲಕ.

ಹಿಂದೆ ಸ್ಥಿತಿ ಬೇರೆಯಿತ್ತು. ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಇಲ್ಲಿನವರ ಉಚ್ಚ ಶಿಕ್ಷಣ 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿತ್ತು. ಅಲ್ಲಿ ಸಂಸ್ಕೃತ, ಅರಬ್ಬಿ, ಪರ್ಷಿಯನ್ ಜೊತೆಗೆ ಲ್ಯಾಟಿನ್, ಗ್ರೀಕ್‌ಗಳೂ ಪ್ರಾಚೀನ ಭಾಷೆಗಳ ಸಾಲಿನಲ್ಲಿದ್ದವು. ಕನ್ನಡಕ್ಕೆ ಮಾತ್ರ ಪದವಿ ಮಟ್ಟದಲ್ಲಿ ಬಹುಕಾಲ ಜಾಗ ಸಿಗಲಿಲ್ಲ. ಊರ ಹುಡುಗರು ಸಹಜವಾಗಿ ಸಂಸ್ಕೃತವನ್ನೇ ಹಿಡಿದರು. ಆಳುವವರ ಲೆಕ್ಕವೇ ಬೇರೆ. 1855ರ ಐ.ಸಿ.ಎಸ್. ಸ್ಪರ್ಧಾ ಪರೀಕ್ಷೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್‌ಗೆ ತಲಾ 750 ಅಂಕ, ಸಂಸ್ಕೃತಕ್ಕೂ ಅರಬ್ಬಿಗೂ ತಲಾ 375. ಭಾರತವನ್ನು ಆಳಲು ಬರುವವನಿಗೆ ಹೋಮರ್ ಕಾಳಿದಾಸನಿಗಿಂತ ಇಮ್ಮಡಿ ಲಾಭ ತರುತ್ತಿದ್ದನೆಂದಾಯಿತು! ಅಂಥ ಪರೀಕ್ಷೆಯನ್ನು ದಾಟಿ 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದ ಜೆ. ಎಫ್. ಫ್ಲೀಟ್ ಬೆಳಗಾವಿ ಸೀಮೆಯನ್ನಾಳಿದ ರಟ್ಟ ಅರಸರ ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ. 1888ರಲ್ಲಿ ಅವನು ಹೊರತಂದ ಗುಪ್ತರ ಶಾಸನ ಸಂಪುಟ ‘ಕಾರ್ಪಸ್ ಇನ್‌ಸ್ಕ್ರಿಪ್ಶಿಯೋನಮ್ ಇಂಡಿಕಾರಮ್’ ಮಾಲೆಯದು. ಮಾಲೆಯ ಹೆಸರೇ ಲ್ಯಾಟಿನ್. ರೋಮಿನ ಶಾಸನಗಳನ್ನು ಸಂಪಾದಿಸಲು ಯುರೋಪು ರೂಪಿಸಿಕೊಂಡ ಕ್ರಮವೇ ನಮ್ಮ ಶಾಸನಗಳ ಸಂಪಾದನೆಗೂ ಮಾದರಿಯಾಯಿತು.

ಈ ಭಾಷೆಗಳನ್ನು ಕರ್ನಾಟಕದಲ್ಲಿ ಬಿಡದೆ ಕಲಿಸಿದ್ದು ಚರ್ಚು. 1879ರಲ್ಲಿ ಆರಂಭವಾದ ಮಂಗಳೂರು ಜೆಪ್ಪುವಿನ ಸೇಂಟ್ ಜೋಸೆಫ್ ಸೆಮಿನರಿಯಲ್ಲಿ ಪಾದ್ರಿಯಾಗುವವನಿಗೆ ಲ್ಯಾಟಿನ್ ಬೇಕೇ ಬೇಕಿತ್ತು. 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಸೆರಾಂಪುರ ವಿಶ್ವವಿದ್ಯಾಲಯದ ಪದವಿಗೆ ಓದುವವರು ಹೊಸ ಒಡಂಬಡಿಕೆಯ ಗ್ರೀಕನ್ನು ಕಲಿಯುತ್ತಾರೆ. ಆದರೆ ಇದು ಕ್ರಿಸ್ತಶಕದ ಆರಂಭದ ಆಡುಬಳಕೆಯ ಕೊಯ್ನೆ ಗ್ರೀಕ್. ಹೋಮರನ ಗ್ರೀಕಿಗೂ ಇದಕ್ಕೂ ನಡುವೆ ಏಳೆಂಟು ಶತಮಾನಗಳ ದೂರವಿದೆ.

ಸಾಹಿತ್ಯದ ದಾರಿ ಹೆಚ್ಚು ಪರಿಚಿತ. ಬಿ.ಎಂ.ಶ್ರೀ. ಸೊಫೊಕ್ಲಿಸನ ‘ಏಜಾಕ್ಸ್’ ಆಧರಿಸಿ ‘ಅಶ್ವತ್ಥಾಮನ್’ (1929) ಬರೆದರು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ (1935) ಎಂದು ಕನ್ನಡಕ್ಕೆ ತಂದರು. ಪಿ. ಲಂಕೇಶ್ ಈಡಿಪಸ್ ಮತ್ತು ಅಂತಿಗೊನೆಯನ್ನು ರಂಗಕ್ಕೆ ಒದಗಿಸಿದರು. ಮಂಜೇಶ್ವರದ ಗೋವಿಂದ ಪೈ (1883–1963) ಕಾಲೇಜಿನ ಹಂಗಿಲ್ಲದೆ ಮನೆಯ ಗ್ರಂಥಾಲಯದಲ್ಲೇ ಗ್ರೀಕ್, ಲ್ಯಾಟಿನ್ ಅಭ್ಯಾಸ ಮಾಡಿದವರು.

ಪೈಗಳನ್ನು ಕೆಣಕಿದ್ದು ಒಂದು ಪಪೈರಸ್. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ ಗ್ರೀಕ್ ಪ್ರಹಸನ ಅದು. ಭಾರತದ ಕಡಲ ತೀರದಲ್ಲಿ ಸೆರೆಸಿಕ್ಕ ಕಾರಿಶನ್ ಎಂಬ ಗ್ರೀಕ್ ಯುವತಿಯನ್ನು ಅವಳ ಕಡೆಯವರು ಬಂದು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತಾರೆ. ರಾಜ ಮತ್ತು ಅವನ ಪರಿವಾರ ಆಡುವ, ಗ್ರೀಕಲ್ಲದ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಶಾಸನತಜ್ಞ ಇ. ಹುಲ್ಶ್ ಸೂಚಿಸಿದ. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಅದನ್ನು ಮುಂದುವರಿಸಿದರು. ತುಳು ಎಂದವರಿದ್ದಾರೆ, ಬರೀ ಅರ್ಥವಿಲ್ಲದ ಗದ್ದಲ ಎಂದವರೂ ಇದ್ದಾರೆ. ಗ್ರೀಕ್ ಲಿಪಿ ಓದಬಲ್ಲ, ದ್ರಾವಿಡ ಭಾಷಾಶಾಸ್ತ್ರವನ್ನೂ ಬಲ್ಲ ವಿದ್ವಾಂಸರ ಕೊರತೆಯಿಂದ ಈ ವಾದ ನೂರು ವರ್ಷಗಳಾದರೂ ಹೆಚ್ಚು ಮುಂದೆ ಸರಿದಿಲ್ಲ.

ಐಗಳಿ ಸೀಮೆಗೆ ಹತ್ತಿರದ ಗ್ರೀಕ್–ರೋಮನ್ ಸಾಮಗ್ರಿ ಇರುವುದು ಗಡಿಯಾಚೆ, ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದಲ್ಲಿ. ಪಂಚಗಂಗಾ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಸಿಕ್ಕ ಕಂಚಿನ ವಸ್ತುಗಳಲ್ಲಿ ಕಡಲ ದೇವತೆ ಪೊಸೈಡನ್‌ನ ಪುಟ್ಟ ಮೂರ್ತಿಯಿತ್ತು, ರೋಮನ್ ಹೂಜಿಯೂ ಇತ್ತು. ಕೊಲ್ಹಾಪುರದ ಸುತ್ತ ಸಿಗುವ ನಾಣ್ಯಗಳಲ್ಲಿ ‘ವಿಳಿವಾಯಕುರ’ ಎಂಬ ಅರಸನ ಹೆಸರಿದೆ. ಎರಡನೆಯ ಶತಮಾನದ ಟಾಲೆಮಿ ತನ್ನ ಗ್ರೀಕ್ ಭೂಗೋಳ ಗ್ರಂಥದಲ್ಲಿ ಹಿಪ್ಪೊಕೂರದ ಅರಸ ‘ಬಲೆಯೊಕೂರೊಸ್’ ಎಂದು ಬರೆದದ್ದು ಇವನನ್ನೇ, ಅಥವಾ ಇವನ ಮನೆತನದವನನ್ನು ಎಂದು ವಿದ್ವಾಂಸರು ಊಹಿಸಿದ್ದಾರೆ. ಬನವಾಸಿಯೂ ಆ ಗ್ರಂಥದಲ್ಲಿದೆ. ಬಾದಾಮಿ, ಮುದಗಲ್ಲುಗಳನ್ನೂ ಅದರಲ್ಲಿ ಗುರುತಿಸಲಾಗಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ.

ಕಲಿಕೆಯ ದೃಷ್ಟಿಯಿಂದ, ಸಂಸ್ಕೃತ ಬಲ್ಲ ಕನ್ನಡಿಗನಿಗೆ ಗ್ರೀಕ್ ವ್ಯಾಕರಣ ಅಪರಿಚಿತವೆನಿಸದು: ವಿಭಕ್ತಿಗಳಿವೆ, ಮೂರು ಲಿಂಗಗಳಿವೆ, ದ್ವಿವಚನವಿದೆ, ಆತ್ಮನೇಪದವನ್ನು ಹೋಲುವ ಕ್ರಿಯಾರೂಪವೂ ಇದೆ. ಲ್ಯಾಟಿನ್‌ನಲ್ಲಿ ದ್ವಿವಚನ ಉಳಿದಿಲ್ಲ. ಕೊರತೆಯಿರುವುದು ಕಲಿಯುವವರ ಶಕ್ತಿಯಲ್ಲಲ್ಲ, ಪಾಠ ಹೇಳುವ ಪೀಠದಲ್ಲಿ. ಅಂಥ ಪೀಠ ಎಂದಾದರೂ ಬಂದರೆ ಅದರ ಸರಿಯಾದ ಜಾಗ ಇಂಗ್ಲಿಷ್ ವಿಭಾಗವಲ್ಲ. ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರದ ವಿಭಾಗ.