ಉದ್ದರಿ ಬರೆಯದ ಖಾತೆ ಪುಸ್ತಕ

2009ರ ಅಕ್ಟೋಬರ್. ಗ್ರೀಸಿನಲ್ಲಿ ಹೊಸ ಸರ್ಕಾರ ಬಂದು ತಿಂಗಳೂ ಆಗಿರಲಿಲ್ಲ. ಆ ವರ್ಷದ ಕೊರತೆ ಜಿಡಿಪಿಯ ಶೇ. 3.7 ಅಂತ ಮೊದಲು ಹೇಳಿದ್ದು ಏಕಾಏಕಿ 12.5 ಆಯಿತು. ಕೊನೆಗೆ 15 ದಾಟಿತು. ತೆರಿಗೆ ಕುಸಿದಿತ್ತು, ನಿಜ. ಆದರೆ ಸರ್ಕಾರಿ ಆಸ್ಪತ್ರೆಗಳು ಉದ್ದರಿಗೆ ತಂದ ಔಷಧಿಯ ಬಾಕಿಯಂಥವೂ ಲೆಕ್ಕಕ್ಕೆ ಸರಿಯಾಗಿ ಬಂದಿರಲಿಲ್ಲ ನೋಡಿ.

ನಗದು ಪದ್ಧತಿಯಲ್ಲಿ ದುಡ್ಡು ಕೈಬಿಟ್ಟಾಗಲೇ ಖರ್ಚು. ಅಕ್ರುಯಲ್ ಪದ್ಧತಿಯಲ್ಲಿ ಮಾಲು ಬಂದ ದಿನವೇ ಸಾಲ ಬರೆಯಬೇಕು. ತಮಾಷೆ ಏನು ಗೊತ್ತಾ? ಯುರೋಪಿನ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್ ಕೇಳುವುದು ಅಕ್ರುಯಲ್ ಲೆಕ್ಕ. ಎಷ್ಟೋ ದೇಶಗಳ ಕಚೇರಿಗಳು ಇಟ್ಟಿದ್ದು ನಗದು ಪುಸ್ತಕ. ನಡುವಿನ ಕಂದರಕ್ಕೆ ಅಂದಾಜೇ ಸೇತುವೆ. ನನಗೆ ಕಾಣುವ ಮೂಲ ರೋಗ ಇದು.

2011ರಲ್ಲಿ ಐರೋಪ್ಯ ಒಕ್ಕೂಟ, ಅಂತಾರಾಷ್ಟ್ರೀಯ ಮಾನದಂಡ ಇಪ್ಸಾಸ್ ನಮಗೆ ಹೊಂದುತ್ತಾ ಪರಿಶೀಲಿಸಿ ಎಂದು ತನ್ನ ಆಯೋಗಕ್ಕೆ ಹೇಳಿತು. 2013ರ ಮಾರ್ಚ್‌ನಲ್ಲಿ ಉತ್ತರ ಬಂತು: ಇದ್ದಂತೆಯೇ ಆಗದು, ಇದನ್ನಾಧರಿಸಿ ಯುರೋಪಿನದೇ ಎಪ್ಸಾಸ್ ಮಾಡೋಣ.

ಅಡ್ಡಗಾಲು ಹಾಕಿದವರಲ್ಲಿ ಪ್ರಮುಖರು ಯಾರು? ಗ್ರೀಸಿಗೆ ಶಿಸ್ತಿನ ಪಾಠ ಹೇಳಿದ ಜರ್ಮನಿ! ಅಲ್ಲಿ ಹೆಸ್ಸೆ, ಹ್ಯಾಂಬರ್ಗ್ ರಾಜ್ಯಗಳು ಅಕ್ರುಯಲ್‌ಗೆ ಹೋಗಿವೆ. ಬರ್ಲಿನ್ನಿನ ಕೇಂದ್ರ ಸರ್ಕಾರ ಮಾತ್ರ ಹಳೇ ನಗದು ಪುಸ್ತಕ ಬಿಟ್ಟಿಲ್ಲ. ಅದರ ಲೆಕ್ಕಪರಿಶೋಧಕರೇ ಎಪ್ಸಾಸ್ ವಿರುದ್ಧ ನಿಂತರು: ಖರ್ಚು ಜಾಸ್ತಿ, ಬಜೆಟ್ ಮೇಲೆ ಸಂಸತ್ತಿನ ಹಿಡಿತಕ್ಕೆ ಧಕ್ಕೆ. ಎರಡನೇ ವಾದದಲ್ಲಿ ತೂಕವಿದೆ ಅಂತ ಒಪ್ಪುತ್ತೇನೆ. ಆದರೂ ಪಕ್ಕದ ಮನೆಯ ಖಾತೆ ಪುಸ್ತಕ ಬಿಚ್ಚಿಸಿದವರ ಬಾಯಲ್ಲಿ ಅದು ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ.